ಓರೆಯಾಗಿ ಇಳಿಯುತ್ತಿದ್ದ ವಿಮಾನ

ಇವತ್ತು ಪಕ್ಕದ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ಹೊನ್ನವಳ್ಳಿಯ ನಮ್ಮ ಬಯಲು ಕಣ್ಣ ಮುಂದೆ ಬಂತು.

ಕಡಲೆಕಾಯಿ ಹೊಲಗಳಿಗೆ ಕಂಬಳಿಹುಳ ಬಿದ್ದ ವರ್ಷ ಅದು. ಔಷಧಿ ಹೊಡೆಯುವ ಪುಟ್ಟ ವಿಮಾನ ನಮ್ಮ ತೋಟದಾಚೆಯ ಬಯಲಿನಲ್ಲೇ ಇಳಿಯುತ್ತಿತ್ತು. ಅದನ್ನು ಓಡಿಸುತ್ತಿದ್ದ ಸದಾಶಿವಯ್ಯನವರಿಗೆ ನಮ್ಮ ಮನೆಯಲ್ಲೇ ಊಟ. ಬಯಲು ಚಿಕ್ಕದು, ಅಂಚಿನಲ್ಲಿ ಎರಡು ಎತ್ತರದ ತೆಂಗಿನಮರ.

“ಯಜಮಾನ್ರೇ, ಅವೆರಡನ್ನ ತೆಗೆಸಿದ್ರೆ ನಂಗೆ ಸಲೀಸು,” ಅಂತ ಒಂದು ದಿನ ಅವರು ತಾತನನ್ನು ಕೇಳಿದರು.

“ನಮ್ಮವಳು ನೆಟ್ಟ ಮರ ಕಣಪ್ಪ. ಈಗ ಅವ್ಳೂ ಇಲ್ಲ. ಕಡಿಸಕ್ಕೆ ಮನಸ್ಸು ಬರಲ್ಲ,” ಅಂದರು ತಾತ.

ಅವರು ಮತ್ತೆ ಕೇಳಲಿಲ್ಲ. ಮರ ದಾಟಿದ ಮೇಲೆ ವಿಮಾನದ ಒಂದು ರೆಕ್ಕೆ ತಗ್ಗಿಸಿ, ಕಾಲಿನಿಂದ ಪೆಡಲ್ ಒತ್ತಿ ಮೂತಿಯನ್ನು ಎದುರು ದಿಕ್ಕಿಗೆ ತಿರುಗಿಸಿ, ಓರೆಯಾಗಿ ಜಾರಿಸುತ್ತಿದ್ದರು. ಹಾಗೆ ಮಾಡಿದರೆ ವೇಗ ಏರದೆ ಎತ್ತರ ಮಾತ್ರ ಬೇಗ ಇಳಿಯುತ್ತದೆ, ನೆಲ ಮುಟ್ಟುವ ಮೊದಲು ನೆಟ್ಟಗೆ ಮಾಡಿದರಾಯಿತು ಎಂದು ನನಗೆ ಅಂಗೈ ವಾಲಿಸಿ ತೋರಿಸಿದ್ದರು.

ಒಂದು ಬೆಳಿಗ್ಗೆ ವಿಮಾನ ನೆಟ್ಟಗಾಗಲೇ ಇಲ್ಲ. ರೆಕ್ಕೆ ನೆಲಕ್ಕೆ ತಾಗಿ ಮಗುಚಿತು. ಅವರ ಎರಡೂ ಕಾಲು ಮುರಿದವು.

ಆಸ್ಪತ್ರೆಗೆ ತಾತನ ಜೊತೆ ನಾನೂ ಹೋಗಿದ್ದೆ. ತಾತ ಮಂಚದ ಹತ್ತಿರ ನಿಂತವರು ತಲೆ ಎತ್ತಲಿಲ್ಲ.

“ಮರದ್ದೇನೂ ತಪ್ಪಿಲ್ಲ ಯಜಮಾನ್ರೇ. ನಾನೇ ಪೆಡಲ್ ಮೇಲಿಂದ ಕಾಲು ತಡವಾಗಿ ತೆಗ್ದೆ,” ಅಂದರು ಸದಾಶಿವಯ್ಯ.

ಮಾರನೇ ದಿನವೇ ತಾತ ಎರಡೂ ಮರ ಕಡಿಸಿದರು. ಆ ಬಯಲಿಗೆ ವಿಮಾನ ಮತ್ತೆ ಬರಲಿಲ್ಲ.

ನನಗೀಗ ತಾತನ ವಯಸ್ಸು. ಸದಾಶಿವಯ್ಯನವರು ಅಂದದ್ದು ನಿಜವೋ, ತಾತನ ಮುಖ ನೋಡಲಾರದೆ ಹೇಳಿದ್ದೋ, ನನಗಿನ್ನೂ ತಿಳಿಯದು.