ಕವಲಿನಲ್ಲಿ ಹಾಕದ ತೊಪ್ಪಲು

ಕಮಲಾ, ನಿಮ್ಮವ್ವ ಜೋಗಿಮಟ್ಟಿ ಕಾಡಿನಲ್ಲಿ ಕಾಣೆಯಾದ ದಿನ ನಾನು ಕವಲುದಾರಿಯಲ್ಲಿ ಗುರುತಿನ ತೊಪ್ಪಲು, ಎಲೆ ಟೊಂಗೆ, ಹಾಕಿರಲಿಲ್ಲ. ಹಾಕಿದ್ದೆ ಎಂದು ಊರಿಗೆಲ್ಲ ಹೇಳಿದ್ದು ಸುಳ್ಳು. ಈರಜ್ಜನ ಆಡುಗಳು ಅದನ್ನು ತಿಂದವು ಎಂದದ್ದೂ ಸುಳ್ಳು.

ದಿನಾ ಸಂಜೆ ದೀಪ ಹಚ್ಚಿ, ಊರದೇವತೆ ಮಾರಮ್ಮ ಆ ದಿನ ಕೊಟ್ಟದ್ದನ್ನು ಒಂದೊಂದಾಗಿ ನೆನೆಯುವುದು ನನ್ನ ಅಭ್ಯಾಸ — ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ನಿನ್ನ ಕೂಸಿನ ಜ್ವರ ಇಳಿಯಿತು. ಎಲ್ಲ ನೆನೆದು ಮುಗಿದ ಮೇಲೂ ಕೈ ಮುಗಿದೇ ಕೂತಿರುತ್ತೇನೆ. ನೀನು ಅದನ್ನು ಭಕ್ತಿ ಎಂದುಕೊಂಡಿದ್ದೀಯ.

ನಿನಗಾಗ ಮಾತೂ ಸರಿಯಾಗಿ ಬರುತ್ತಿರಲಿಲ್ಲ. ನಿಮ್ಮವ್ವ ಗಂಗಮ್ಮ ನನ್ನ ವಾರಗಿತ್ತಿ. ಧರ್ಮಪುರದ ಕಡೆಯ ಶೇಂಗಾ ಹೊಲಗಳಲ್ಲಿ ಬೆಳೆದವಳು. ಆ ಬಯಲಿನಲ್ಲಿ ಎಲ್ಲಿ ನಿಂತರೂ ಊರು ಕಾಣುತ್ತದೆ. ಕಾಡು ಅವಳಿಗೆ ಹೊಸದು. ಅಂದು ಇಬ್ಬರೂ ಸೀತಾಫಲ ಕೀಳಲು ಹೋಗಿದ್ದೆವು. ಅವಳ ಕೈ ಚುರುಕು. ನನ್ನ ಬುಟ್ಟಿಯನ್ನು ಇಣುಕಿ ನೋಡಿ ನಕ್ಕಳು.

“ಏನಕ್ಕಾ, ಹಣ್ಣಿಗಿಂತ ಎಲೇನೇ ಜಾಸ್ತಿ ಅವೆ! ಅತ್ತೆ ಕೇಳಿದ್ರೆ ಆಡಿಗೆ ತಂದೆ ಅನ್ನು — ಅವೂ ಇದನ್ನ ಮೂಸಲ್ಲ!”

ತಮಾಷೆಯೇ. ಆದರೆ ಅತ್ತೆ ಮಾತೆತ್ತಿದರೆ ಅವಳನ್ನೇ ಹೊಗಳುತ್ತಿದ್ದ ಕಾಲ ಅದು — ನನಗೆ ಚುಚ್ಚಿತು. “ನೀ ತುಂಬ್ಕಂಡು ಬಾರವ್ವಾ, ನಾ ಮುಂದೆ ಹೋಗ್ತೀನಿ” ಎಂದೆ.

“ಕವಲಿನಾಗೆ ತೊಪ್ಪಲು ಹಾಕಕ್ಕಾ. ನಂಗೆ ದಾರಿ ತಿಳಿಯಲ್ಲ.”

ನಮ್ಮ ಹೆಂಗಸರ ಪದ್ಧತಿ ಅದು. ಮುಂದೆ ಹೋದವರು, ಹೋಗಬಾರದ ದಾರಿಗೆ ಅಡ್ಡಲಾಗಿ ಹಸಿ ತೊಪ್ಪಲು ಹಾಕಿ ಮೇಲೊಂದು ಕಲ್ಲಿಡಬೇಕು. ಹಿಂದೆ ಬರುವವರು ಅದನ್ನು ನೋಡಿ ಇನ್ನೊಂದು ದಾರಿ ಹಿಡಿಯುತ್ತಾರೆ. ಕವಲಿನಲ್ಲಿ ನಿಂತು ಸೀತಾಫಲದ ಟೊಂಗೆಯೊಂದನ್ನು ಮುರಿದೆ ಕೂಡ. ಅದನ್ನು ದಾರಿಗೆ ಹಾಕಲು ಬಗ್ಗಲಿಲ್ಲ. ಸ್ವಲ್ಪ ಅಲೆದಾಡಿ ಬರಲಿ, ಕೊಬ್ಬು ಇಳಿಯಲಿ — ಅಷ್ಟೇ ಅಂದುಕೊಂಡದ್ದು. ಆ ಟೊಂಗೆಯನ್ನು ನನ್ನ ಬುಟ್ಟಿಯ ಮೇಲೆ ಮುಚ್ಚಿಕೊಂಡು ಮನೆಗೆ ಬಂದೆ.

ಅವಳು ಬರಲಿಲ್ಲ.

ಊರವರು, ಫಾರೆಸ್ಟಿನವರು ದಿನಗಟ್ಟಲೆ ಹುಡುಕಿದರು. ಬುಟ್ಟಿ ಸಿಗಲಿಲ್ಲ, ಚಪ್ಪಲಿ ಕೂಡ ಸಿಗಲಿಲ್ಲ. ಚಿರತೆ ಎಂದರು, ಕರಡಿ ಎಂದರು. ಯಾರ ಜೊತೆಗೋ ಹೋದಳು ಎಂದವರೂ ಇದ್ದರು. ದಾರಿ ತಿಳಿಯಲ್ಲ ಎಂದು ಅವಳು ಹೇಳಿದ್ದನ್ನು ಕೇಳಿದ ನಾನು ಆಗಲೂ ಬಾಯಿ ಬಿಡಲಿಲ್ಲ. ಏನಾಯಿತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ತೊಪ್ಪಲು ಇದ್ದಿದ್ದರೆ ಬರುತ್ತಿದ್ದಳೇ — ಗೊತ್ತಿಲ್ಲ, ಕಮಲಾ. ಇರಲಿಲ್ಲ ಎಂಬುದು ಮಾತ್ರ ಗೊತ್ತು.

ಹುಡುಕಲು ಹೊರಟ ಮೊದಲ ದಿನವೇ ನಿಮ್ಮಪ್ಪ ಎಲ್ಲರೆದುರು ಕೇಳಿದ: “ಅತ್ತಿಗೆ, ತೊಪ್ಪಲು ಹಾಕಿದ್ರಾ?”

“ಹಾಕಿದ್ದೆ. ಆಡು ತಿಂದಿರ್ಬೇಕು.”

ಆಡು ಕಾಯುವ ಈರಜ್ಜ ಅಲ್ಲೇ ನಿಂತಿದ್ದ. “ಯಾವ ತೊಪ್ಪಲವ್ವಾ?” ಎಂದ. ಸೀತಾಫಲದ ಎಲೆಗೆ ಆಡು ಬಾಯಿ ಹಾಕುವುದಿಲ್ಲ, ಬೇವಾದರೆ ಬಿಡುವುದಿಲ್ಲ — ಅವನಿಗೂ ಗೊತ್ತು, ನನಗೂ ಗೊತ್ತು.

“ಬೇವಿಂದು” ಎಂದೆ.

ಮೊದಲ ಸುಳ್ಳು ಹೆದರಿಕೆಗೆ ಬಾಯಿಂದ ಜಾರಿತ್ತು. ಇದು ಯೋಚಿಸಿ ಹೇಳಿದ್ದು.

“ಹಂಗಾರೆ ನಮ್ಮವೇ ತಾಯಿ. ಆ ಕಡೀಗೇ ಹೋಗಿದ್ವು” ಎಂದು ಈರಜ್ಜ ತಲೆ ತಗ್ಗಿಸಿದ. ಅದೇ ವಾರ ಆಡುಗಳನ್ನೆಲ್ಲ ಮಾರಿಬಿಟ್ಟ. ನೀನು ನನ್ನನ್ನು ದೊಡ್ಡವ್ವ ಎಂದು ಕರೆಯುತ್ತ ನನ್ನ ಮಡಿಲಲ್ಲೇ ಬೆಳೆದೆ.

ಮೊನ್ನೆ, ಈರಜ್ಜ ಹಾಸಿಗೆ ಹಿಡಿದಿದ್ದಾನೆಂದು ಗಂಜಿ ತೆಗೆದುಕೊಂಡು ಇಬ್ಬರೂ ಹೋಗಿದ್ದೆವಲ್ಲ. ಅವನು ನಿನ್ನ ಕೈ ಹಿಡಿದು, “ನಿಮ್ಮವ್ವನ ದಾರೀನ ನನ್ ಆಡು ತಿಂದ್ವು ಮಗಾ, ತಪ್ಪಾತು” ಎಂದು ಅತ್ತ. ನೀನು, “ಬಿಡಜ್ಜಾ, ಮೂಕಪ್ರಾಣಿ, ಅವಕ್ಕೇನ್ ಗೊತ್ತು” ಎಂದು ಸೆರಗಿನಿಂದ ಅವನ ಕಣ್ಣೊರೆಸಿದೆ. ನಾನು ಗಂಜಿಯ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವತ್ತು ಸಂಜೆ ದೀಪದ ಮುಂದೆ ನೆನೆಯಲು ನನಗೆ ಒಂದೂ ಹೊಳೆಯಲಿಲ್ಲ.

ಇವತ್ತು ಒಂದು ಹೊಳೆಯಿತು. ಈರಜ್ಜನಿಗೆ ಇನ್ನೂ ಕಿವಿ ಕೇಳುತ್ತದೆ.

ನಿನ್ನಲ್ಲಿ ಏನನ್ನೂ ಬೇಡಲು ನನಗೆ ಬಾಯಿಲ್ಲ. ಬೆಳಿಗ್ಗೆ ನನ್ನ ಜೊತೆ ಬಾ, ಅಷ್ಟೇ. ನಿನ್ನೆದುರೇ ಅವನಿಗೆ ಹೇಳುತ್ತೇನೆ — “ಅದು ಬೇವಿಂದಲ್ಲ ಅಜ್ಜಾ, ಸೀತಾಫಲದ್ದು. ನನ್ ಬುಟ್ಟಿ ಮೇಲೇ ಇತ್ತು.”