ದುಭಾಷಿಯ ಆತುರ

ಎದುರಿನವರ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಅದಕ್ಕೆ ಉತ್ತರ ಸಿದ್ಧಮಾಡಿಕೊಳ್ಳುವವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ಗುಣಕ್ಕೆ ಕಪ್ ಕೊಟ್ಟರು. ಟರ್ಕಿಶ್ ಭಾಷೆ ಮಾತ್ರ ಕೊಡಲಿಲ್ಲ.

ಕೊಪ್ಪದಲ್ಲಿ ಕೂತು ಟರ್ಕಿಶ್ ಯಾಕೆ ಅಂತೀರಾ? ಹಡಗಿನಲ್ಲಿ ಕೆಲಸ ಮಾಡುವ ನನ್ನ ದೊಡ್ಡಮ್ಮನ ಮಗ ಸುಧೀರಣ್ಣ ಟರ್ಕಿಯ ಎಲಿಫ್ ಎಂಬ ಹುಡುಗಿಯನ್ನು ಮೆಚ್ಚಿದ್ದ. ದೊಡ್ಡಮ್ಮ ಇನ್ನೂ ಹೂಂ ಅಂದಿರಲಿಲ್ಲ. ಬೀಗಿತ್ತಿಯ ಹತ್ತಿರ ಮಾತಾಡದೆ ಅನ್ನುವುದೂ ಇಲ್ಲ ಎಂದರು. ಆಕೆಗೋ ಟರ್ಕಿಶ್ ಬಿಟ್ಟು ಬೇರೆ ಬಾರದು. ಮಗನನ್ನು ನಡುವೆ ಕೂರಿಸಿದರೆ ತನಗೆ ಬೇಕಾದ ಹಾಗೆ ತಿರುಗಿಸಿಯಾನು ಎಂಬ ಸಂಶಯ ದೊಡ್ಡಮ್ಮನಿಗೆ. ಹಾಗಾಗಿ ಬಾಯಿ ಜೋರಿರುವ ನಾನು ದುಭಾಷಿಯಾದೆ.

ಇಂಗ್ಲಿಷ್ ಪುಸ್ತಕ ಹಿಡಿದು ಕಲಿಯಲು ಹೊರಟು ಒದ್ದಾಡಿದೆ. ಬಂದ ಮನುಷ್ಯನಿಗೆ ಅವರು 'ಗೆಲೆನ್ ಆದಾಮ್' ಅನ್ನುತ್ತಾರೆ. ಪುಸ್ತಕ ಅದನ್ನು 'ಮನುಷ್ಯ, ಯಾರು ಬಂದನೋ ಅವನು' ಎಂದು ಬಿಚ್ಚಿ, ಮತ್ತೆ ಹೊಲಿದು ಪುಟಗಟ್ಟಲೆ ವಿವರಿಸಿತ್ತು. ನಾವು ಕನ್ನಡದವರು ಹುಟ್ಟಿದಾಗಿನಿಂದ 'ಬಂದ ಮನುಷ್ಯ' ಎಂದೇ ಮಾತಾಡುತ್ತಿದ್ದೇವಲ್ಲ. ಎವ್ ಅಂದರೆ ಮನೆ. ಅದರ ಬಾಲಕ್ಕೆ ಗಳು, ನಮ್ಮ, ಇಂದ ಎಲ್ಲವನ್ನೂ ಸಿಕ್ಕಿಸಿದರೆ ಎವ್ಲೆರಿಮಿಜ್ದೆನ್, ನಮ್ಮ ಮನೆಗಳಿಂದ. ಹಾಗಂತ ಎರಡು ಭಾಷೆಗೂ ನೆಂಟಸ್ತಿಕೆ ಎನ್ನುವವರನ್ನು ನಾನು ನಂಬುವುದಿಲ್ಲ. ಮುಖದ ಹೋಲಿಕೆ ಸಾಕ್ಷಿಯಲ್ಲ.

ಭಾನುವಾರ ವಿಡಿಯೋ ಕಾಲ್ ಆಯಿತು. "ನನ್ನ ಮಗಳನ್ನು ಸೇರಿಸಿಕೊಳ್ಳುತ್ತೀರಾ?" ಎಂದು ಎಲಿಫಳ ಅಮ್ಮ ನೇರವಾಗಿಯೇ ಕೇಳಿದರು. ಅದನ್ನು ಕನ್ನಡಕ್ಕೆ ತಂದೆ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡರು.

"ನಮ್ಮ ಭಾಷೆ ಬಾರದ, ನಮ್ಮ ಅಡುಗೆ ಗೊತ್ತಿಲ್ಲದ, ನಮ್ಮ ದೇವರಿಗೆ ಕೈ ಮುಗಿದು ಅಭ್ಯಾಸ ಇಲ್ಲದ..."

"ಇವೆಲ್ಲ ಒಂದು ಕಾರಣವಾ ದೊಡ್ಡಮ್ಮ?" ಮೂರಕ್ಕೂ ನನ್ನಲ್ಲಿ ಉತ್ತರ ತಯಾರಿತ್ತು.

"ತಡಿಯೇ ಮಾರಾಯ್ತಿ. ನಾ ಇನ್ನೂ ಮಾತೇ ಮುಗಿಸ್ಲಿಲ್ಲ, ನಿಂದು ಜಗಳ ಶುರು. ಅಭ್ಯಾಸ ಇಲ್ಲದ ಮಗಳನ್ನ, ಎದುರಿಗೆ ಮುಖ ನೋಡದ ನಮ್ಮನ್ನ ನಂಬಿ ಇಷ್ಟು ದೂರ ಕಳಿಸ್ತೇನೆ ಅನ್ನೋ ತಾಯಿಗೆ ಇಲ್ಲ ಅನ್ಲಿಕ್ಕೆ ನಂಗಾಗೂದಿಲ್ಲ. ಬರ್ಲಿ ಅಂತ ಹೇಳು."

ಉತ್ತರಗಳನ್ನು ನುಂಗಿಕೊಂಡು, ವಾಕ್ಯವನ್ನು ತಲೆಕೆಳಗು ಮಾಡದೆ ಇದ್ದ ಸಾಲಿನಲ್ಲೇ ತಡವರಿಸುತ್ತಾ ದಾಟಿಸಿದೆ. ಬಾರದ, ಗೊತ್ತಿಲ್ಲದ, ಇಲ್ಲದ. ಎಲಿಫಳ ಅಮ್ಮನ ಮುಖ ಬಾಡುತ್ತಾ ಹೋಯಿತು, ಆದರೆ ನಡುವೆ ಬಾಯಿ ಹಾಕಲಿಲ್ಲ. ಎಲ್ಲದರ ಕೊನೆಗೆ 'ಗೆಲ್ಸಿನ್', ಬರಲಿ. ತೋಳಿನಿಂದ ಕಣ್ಣೊರೆಸಿಕೊಂಡರು.

ಭಾಷೆಗಳ ನೆಂಟಸ್ತಿಕೆಯ ಬಗ್ಗೆ ನನ್ನ ಸಂಶಯ ಈಗಲೂ ಹಾಗೇ ಇದೆ. ಮನೆಗಳದ್ದಕ್ಕೆ ಮಾತ್ರ ನಾನೇ ಸಾಕ್ಷಿಯಾಗಿಬಿಟ್ಟೆ.