ಗಾಳಿ ಸ್ವಲ್ಪ ಸೋರುತ್ತೆ

ನನಗೆ ಹಾರ್ಮೋನಿಯಂ ನುಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನನ್ನ ಫೋನನ್ನು ಯಾರಾದರೂ ತೆಗೆದು ನೋಡಿದರೆ, ನಾನು ಯಾವುದೋ ನಾಟಕ ಕಂಪನಿಯ ಯಜಮಾನಿ ಎಂದೇ ತಿಳಿದಾರು. ಹಳೆಯ ಸಾಮಾನು ಮಾರುವ ಆ ಆ್ಯಪಿನಲ್ಲಿ ಜನ ಸ್ಕೂಟರು, ಫ್ರಿಜ್ಜು, ಸೋಫಾ ಹುಡುಕುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿ ನಿವೃತ್ತಳಾಗಿ, ಕೋಲಾರದಲ್ಲಿ ತಾಯಿಯ ಜೊತೆ ಇರುವ ನಾನು ಮಾತ್ರ ಮಧ್ಯಾಹ್ನದ ಊಟವಾದ ಮೇಲೆ ಕನ್ನಡಕ ಏರಿಸಿ ಕೂತು ಹಾರ್ಮೋನಿಯಂಗಳನ್ನು ನೋಡುತ್ತೇನೆ. ಅದರಲ್ಲೂ ಕಾಲು ಹಾರ್ಮೋನಿಯಂ. ಕುರ್ಚಿಯ ಮೇಲೆ ಕೂತು ಎರಡು ಕಾಲಿನಲ್ಲಿ ತಿದಿ ಒತ್ತುತ್ತಾ ನುಡಿಸುವ, ನಾಟಕ ಮುಗಿದರೆ ಮಡಿಸಿ ಟ್ರಂಕಿನ ಹಾಗೆ ಬಸ್ಸಿನ ಮೇಲೆ ಹಾಕಬಹುದಾದ ಪೆಟ್ಟಿಗೆ ಅದು. ಈಗ ಅದನ್ನು ಮಾಡುವವರೂ ಕಡಿಮೆ, ಒತ್ತುವ ಕಾಲುಗಳೂ ಕಡಿಮೆ.

ನನ್ನ ಹುಚ್ಚನ್ನು ಫೋನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಕಾಲು ಹಾರ್ಮೋನಿಯಂ ಸಿಗದ ದಿನ ಕೈ ಹಾರ್ಮೋನಿಯಂ ತೋರಿಸುತ್ತದೆ, ಅದೂ ಇಲ್ಲದಿದ್ದರೆ ಅದರ ನೆಂಟರಿಷ್ಟರನ್ನು ಕರೆತರುತ್ತದೆ. ಮೊನ್ನೆ ಕಾನ್ಸರ್ಟಿನಾ ಎಂಬ ವಿದೇಶದ ವಾದ್ಯವೊಂದು ಬಂದಿತ್ತು. ಆರು ಮುಖದ ಪುಟ್ಟ ಪೆಟ್ಟಿಗೆ, ಎರಡು ಕೈಯಲ್ಲಿ ಹಿಡಿದು ಎಳೆದು ಒತ್ತಿ ನುಡಿಸಬೇಕಂತೆ. 'ಅಪರೂಪದ್ದು, ತಿಳಿದವರಿಗೆ ಮಾತ್ರ' ಎಂದು ಕೆಳಗೆ ಬರೆದಿತ್ತು. ನಾನು ತಿಳಿದವಳಲ್ಲವಾದರೂ ಅದನ್ನು ಬಹಳ ಹೊತ್ತು ನೋಡಿದೆ. ಅದರ ಹೊಟ್ಟೆಯಲ್ಲೂ ನಮ್ಮ ಪೆಟ್ಟಿಗೆಯಲ್ಲಿರುವಂಥವೇ ಹಿತ್ತಾಳೆಯ ನಾಲಗೆಗಳು, ರೀಡುಗಳು, ಇವೆಯಂತೆ. ಯಾರಾದರೂ ಗಾಳಿ ಕೊಡುವ ತನಕ ಅದೂ ಮೂಕವೇ.

ಆನ್‌ಲೈನಿನಲ್ಲಿ ಹಾರ್ಮೋನಿಯಂ ನೋಡುವುದಕ್ಕೂ ಗಂಡಿನ ಫೋಟೊ ನೋಡುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡರಲ್ಲೂ ಮುಖ್ಯವಾದದ್ದು ಕಾಣುವುದಿಲ್ಲ. ಪೆಟ್ಟಿಗೆಯನ್ನು ಹೂಹೂವಿನ ಬೆಡ್‌ಶೀಟಿನ ಮೇಲೆ ಕೂರಿಸಿ, ಇಲಿ ಕಡಿದ ಮಗ್ಗುಲನ್ನು ಗೋಡೆಗೆ ತಿರುಗಿಸಿ ಫೋಟೊ ತೆಗೆದಿರುತ್ತಾರೆ. ಎಲ್ಲ ಪೆಟ್ಟಿಗೆಗೂ ನೂರು ವರ್ಷ ವಯಸ್ಸು, ಎಲ್ಲಕ್ಕೂ ಜರ್ಮನ್ ರೀಡು. ಬೆರಳಿನಿಂದ ಒತ್ತುವ ಪಟ್ಟಿಗಳನ್ನು ನಮ್ಮಲ್ಲಿ ಮನೆಗಳೆನ್ನುತ್ತಾರೆ, ಬಿಳಿ ಮನೆ, ಕರಿ ಮನೆ. ನೂರು ವರ್ಷದ ಎಷ್ಟೋ ಪೆಟ್ಟಿಗೆಗಳಿಗೆ ಹೊಚ್ಚ ಹೊಸ ಪ್ಲಾಸ್ಟಿಕ್ಕಿನ ಮನೆಗಳಿರುತ್ತವೆ. ಹಲ್ಲು ಕಟ್ಟಿಸಿಕೊಂಡಿರಬೇಕು ಎಂದು ಸುಮ್ಮನಾಗುತ್ತೇನೆ.

ನೋಡೀ ನೋಡೀ ನನಗೂ ಕೆಲವು ಪರೀಕ್ಷೆಗಳು ಗೊತ್ತಾಗಿವೆ. ತಿದಿ ತುಂಬಿಸಿ, ಕಾಲು ತೆಗೆದು, ಒಂದೇ ಮನೆಯನ್ನು ಅದುಮಿ ಹಿಡಿಯಬೇಕು. ಎಷ್ಟು ಹೊತ್ತು ದನಿ ನಿಲ್ಲುತ್ತದೆಯೋ ಅಷ್ಟು ಅದರ ಆಯುಸ್ಸು. ಇನ್ನು, ಮುಟ್ಟದೆಯೇ ಕೂಗುವ ಮನೆಯಿದ್ದರೆ ಆ ಪೆಟ್ಟಿಗೆಯ ಸಹವಾಸ ಬೇಡ. ಮನುಷ್ಯರಿಗೂ ಈ ಪರೀಕ್ಷೆ ಒಗ್ಗುತ್ತದೆಂದು ಸ್ಟಾಫ್ ರೂಮಿನ ಅನುಭವದಿಂದ ಹೇಳಬಲ್ಲೆ. ಹಾಗೆಂದು ನಾನು ಇದುವರೆಗೆ ಒಂದು ಪೆಟ್ಟಿಗೆಯನ್ನೂ ಕೊಂಡಿಲ್ಲ. ನಾನು ಹುಡುಕುತ್ತಿರುವುದು ಒಂದೇ ಒಂದು ಪೆಟ್ಟಿಗೆಯನ್ನು.

ನಮ್ಮಪ್ಪ ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿದು ಜನಕ್ಕೆ ಬಿಡುವಾದರೆ ವೇಮಗಲ್ಲಿನ ಕಡೆಯಿಂದಲೋ ಸುಗಟೂರಿನಿಂದಲೋ ಮುಳಬಾಗಿಲಿನ ಆಚೆಯಿಂದಲೋ ಯಾರಾದರೂ ವೀಳ್ಯ ಹಿಡಿದು ಬರುತ್ತಿದ್ದರು. ಅಪ್ಪ ಪೆಟ್ಟಿಗೆ ಮಡಿಸಿಕೊಂಡು ಹೊರಡುತ್ತಿದ್ದರು. ಆ ಊರಿನಲ್ಲೇ ತಿಂಗಳುಗಟ್ಟಲೆ ಇದ್ದು, ರಾಗಿ ಬೆಳೆಯುವವರನ್ನು, ರೇಷ್ಮೆ ಹುಳು ಸಾಕುವವರನ್ನು ಸಾಲಾಗಿ ನಿಲ್ಲಿಸಿ ಭೀಮ, ದ್ರೌಪದಿ, ಶಕುನಿ ಮಾಡುತ್ತಿದ್ದರು. ದೊಡ್ಡ ಸಂಗೀತ ಬಲ್ಲವರು ಈ ವಾದ್ಯವನ್ನು ಹೀಗಳೆಯುವುದುಂಟು. ಇದು ಹಡಗಿನಲ್ಲಿ ಬಂದದ್ದು, ಸ್ವರದಿಂದ ಸ್ವರಕ್ಕೆ ಜಾರಲಾರದು, ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ಕಟ್ಟಕಡೆಯ ಚಾಪೆಯಲ್ಲಿ ನಿದ್ದೆಗಣ್ಣಿನಲ್ಲಿ ಕೂತವರನ್ನು ಎಬ್ಬಿಸುವ ಶಕ್ತಿ ಬೇರೆ ಯಾವ ವಾದ್ಯಕ್ಕಿತ್ತು, ಅವರೇ ಹೇಳಲಿ.

ಅಪ್ಪನಿಗೆ ಒಂದು ಕೆಮ್ಮಿತ್ತು. ಬೀದಿಯ ತಿರುವಿನಲ್ಲಿ ಅದು ಕೇಳಿದರೆ ನಾನು ಪುಸ್ತಕ ಬಿಡಿಸಿ ಕೂರುತ್ತಿದ್ದೆ, ಅಮ್ಮ ಒಲೆಯ ಮೇಲೆ ಮೆಣಸಿನ ಕಷಾಯಕ್ಕೆ ನೀರಿಡುತ್ತಿದ್ದಳು. ಎರಡು ಚಿಕ್ಕ ಕೆಮ್ಮು, ಒಂದು ಉದ್ದನೆಯದು, ಕೊನೆಗೆ ಯಾರೋ ಏನೋ ಕೇಳಿದ್ದಕ್ಕೆ ಒಪ್ಪಿಕೊಂಡ ಹಾಗೆ ಒಂದು ಸಣ್ಣ 'ಹ್ಞೂಂ'. ಕಷಾಯವನ್ನು ಅಪ್ಪ ಎಂದೂ ಪೂರ್ತಿ ಕುಡಿದವರಲ್ಲ. ಮುಳಬಾಗಿಲಿನ ಕಡೆಯ ಒಂದು ಊರಿನಲ್ಲಿ ನಾಟಕ ಕಲಿಸುತ್ತಿದ್ದಾಗಲೇ ಕೆಮ್ಮು ಹೆಚ್ಚಾಗಿ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದರು. ಮತ್ತೆ ಹೋಗಲಿಲ್ಲ. ಅವರು ತೀರಿಕೊಂಡ ಮೇಲೆ ವಿಚಾರಿಸಿದರೆ ಆ ಊರಿನವರು ಪಕ್ಕದ ಊರಿನ ತಂಡದ ಕಡೆ ಕೈ ತೋರಿಸಿದರು, ಅವರು ಇನ್ನೊಂದು ಊರಿನ ಕಡೆಗೆ. ನಾಟಕದ ಪೆಟ್ಟಿಗೆಯೆಂದರೆ ಹಾಗೆಯೇ, ಊರಿಂದೂರಿಗೆ ನಡೆದುಕೊಂಡು ಹೋಗಿಬಿಡುತ್ತದೆ.

ಅಪ್ಪನ ಫೋಟೊ ಇದೆ, ಶಾಲು ಇದೆ. ದನಿಯಿಲ್ಲ. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ಅದರಲ್ಲಿ ಸಿನಿಮಾ ಹಾಡು ಕೇಳುತ್ತಿದ್ದೆವು. ಹಾಡುವ ಮನುಷ್ಯ ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತಿರುವಾಗ ಅವರ ಹಾಡನ್ನು ಹಿಡಿದಿಡಬೇಕೆಂದು ಯಾರಿಗೆ ಹೊಳೆಯುತ್ತದೆ? ಈಗ ಕಣ್ಣು ಮುಚ್ಚಿ ಅಪ್ಪನ ದನಿಯನ್ನು ನೆನಪಿಸಿಕೊಳ್ಳಲು ಹೋದರೆ ಮಾತು ನೆನಪಾಗುತ್ತದೆ, ದನಿ ಬರುವುದಿಲ್ಲ. ಅದು ನನಗೆ ದೊಡ್ಡ ದುಃಖ. ಪೆಟ್ಟಿಗೆ ಸಿಕ್ಕರೆ ಅವರು ಒತ್ತುತ್ತಿದ್ದ ಗಾಳಿಯ ಸದ್ದಾದರೂ ಕೇಳೀತು ಎಂಬುದು ನನ್ನ ಆಸೆ. ಅಮ್ಮನಿಗೆ ಈ ಹುಡುಕಾಟ ಸೇರದು. "ಸಿಕ್ಕಿದ್ರೆ ಎಲ್ಲೇ ಇಡ್ತೀಯ ನನ್ನ ಸವತೀನ? ಅದು ಒಳಗೆ ಬಂದ್ರೆ ನಾನು ಜಗಲಿ ಮೇಲೆ ಮಲಗ್ಬೇಕಾಗುತ್ತೆ" ಅನ್ನುತ್ತಾಳೆ.

ನಮ್ಮ ಪೆಟ್ಟಿಗೆಗೆ ಒಂದು ಗುರುತಿತ್ತು. ಮೇಲಿನ ಹಲಗೆಯ ಬಲಮೂಲೆಯಲ್ಲಿ, ಹುಣಸೆ ಬೀಜದಷ್ಟು ಅಗಲದ ಒಂದು ಸುಟ್ಟ ಕಲೆ. ಚಿಕ್ಕವಳಾಗಿದ್ದಾಗ ಅದರ ಗುಳಿಯಲ್ಲಿ ಬೆರಳಿಟ್ಟು ತಿರುಗಿಸುವುದು ನನಗೆ ಆಟ. ಕಳೆದ ಅವರೆಕಾಯಿಯ ಕಾಲದಲ್ಲಿ ಗೌನಿಪಲ್ಲಿಯಿಂದ ಒಂದು ಜಾಹೀರಾತು ಬಂತು. ನೂರು ವರ್ಷವೂ ಇಲ್ಲ, ಜರ್ಮನಿಯೂ ಇಲ್ಲ. 'ಹಳೇ ಕಾಲು ಹಾರ್ಮೋನಿಯಂ. ಗಾಳಿ ಸ್ವಲ್ಪ ಸೋರುತ್ತೆ. ಸ್ವರ ಚೆನ್ನಾಗಿದೆ' ಎಂದು ಬರೆದಿದ್ದರು. ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿದೆ. ಬಲಮೂಲೆಯಲ್ಲಿ ಸುಟ್ಟ ಕಲೆ. ನನ್ನ ಬೆರಳು ಫೋನಿನ ಗಾಜಿನ ಮೇಲೆಯೇ ತಾನಾಗಿ ತಿರುಗಿತು.

ಮಾರನೆಯ ದಿನವೇ ಹೊರಟೆ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ, ಹೂವು ಬಿಟ್ಟ ಮಾವಿನ ತೋಪುಗಳ ನಡುವೆ ಹೋಗುವಾಗ ನನ್ನ ಎದೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ಹಾಗೆ ಹೊಡೆದುಕೊಳ್ಳುತ್ತಿತ್ತು. ಜಾಹೀರಾತು ಹಾಕಿದವಳು ಸುಜಾತ ಎಂಬ ಸೊಸೆ. ಮಾವಿನಕಾಯಿಯ ಕ್ರೇಟುಗಳಿಗೆ ಜಾಗ ಬೇಕಾಗಿ, ಮಾವ ಚೌಡಪ್ಪನವರ ಪೆಟ್ಟಿಗೆಯನ್ನು ಮಾರಲು ಇಟ್ಟಿದ್ದಳು. ಚೌಡಪ್ಪನವರದು ತೋಟ ನೋಡಿಕೊಳ್ಳುವ ಕೆಲಸ, ನಾಟಕ ಬಂದಾಗ ಧರ್ಮರಾಯನ ಪಾತ್ರ. "ರಾಮ್ಮಾ, ರಾ. ಬಿಸಿಲಲ್ಲಿ ಬಂದಿದ್ದೀರ, ಮೊದ್ಲು ನೀರು ಕುಡೀರಿ" ಎಂದು ಅವರು ತೆಲುಗು ಬೆರೆಸಿ ಕರೆದು ಕೂರಿಸಿದರು. ಕೊಳ್ಳಲು ಬಂದವಳನ್ನು ಕಂಡು ಅವರಿಗೇನೂ ಖುಷಿಯಾಗಿರಲಿಲ್ಲ ಎಂಬುದು ಮಾತ್ರ ಮುಖದಲ್ಲೇ ಕಾಣುತ್ತಿತ್ತು.

ಪೆಟ್ಟಿಗೆಯ ಮುಂದೆ ಕೂತೆ. ಮೊದಲು ಕಲೆಯ ಗುಳಿಯಲ್ಲಿ ಬೆರಳಿಟ್ಟೆ. ಕೂತಿತು. ಕಣ್ಣಲ್ಲಿ ನೀರು ಬಂತು. ಹಾಗೆಯೇ ಕಾಲಿನಿಂದ ತಿದಿ ಒತ್ತಿ, ಎಡಗಡೆಯ ಒಂದು ಬಿಳಿ ಮನೆ ಅದುಮಿದೆ. ನಮ್ಮ ಪೆಟ್ಟಿಗೆಯ ಆ ಮನೆ ನೆಗಡಿಯಾದವರ ಹಾಗೆ ಮೂಗಿನಲ್ಲಿ ಮಾತಾಡುತ್ತಿತ್ತು. ಅಪ್ಪ ಎಷ್ಟು ರಿಪೇರಿ ಮಾಡಿದರೂ ಅದು ಹೋಗಿರಲಿಲ್ಲ. ಇದು ತುಂಬು ಗಂಟಲಿನಲ್ಲಿ ಹಾಡಿತು. ಅಕ್ಕಪಕ್ಕದ ಮನೆಗಳನ್ನೂ ಒತ್ತಿದೆ. ಎಲ್ಲವೂ ಆರೋಗ್ಯವಾಗಿದ್ದವು. ಇಷ್ಟು ಒಳ್ಳೆಯ ಸ್ವರ ಕೇಳಿ ಇಷ್ಟು ಬೇಸರಪಟ್ಟವರು ಬೇರೆ ಯಾರೂ ಇರಲಾರರು.

"ನಮ್ಮದಲ್ಲ ಇದು" ಎಂದೆ. "ಈ ಕಲೆ ನೋಡಿ ನಮ್ಮಪ್ಪನ ಪೆಟ್ಟಿಗೆ ಅಂದ್ಕೊಂಡು ಬಂದೆ."

ಚೌಡಪ್ಪ ಕಲೆಯನ್ನೂ ನನ್ನನ್ನೂ ನೋಡಿದರು. "ಅದು ಕರ್ಪೂರದ್ದು ಕಣಮ್ಮಾ. ನಾಟ್ಕಕ್ಕೆ ಮುಂಚೆ ಪೆಟ್ಟಿಗೆಗೆ ಪೂಜೆ ಮಾಡಿ ಮೂಲೇಲಿ ಕರ್ಪೂರ ಹಚ್ತೀವಲ್ಲ. ಈ ಸೀಮೇಲಿ ಈ ಕಲೆ ಇಲ್ದಿರೋ ಪೆಟ್ಟಿಗೆ ಯಾವ್ದೈತೆ?"

ಅಪ್ಪ ಪೂಜೆ ಮಾಡಿದ್ದನ್ನು ಎಷ್ಟು ಸಲ ನೋಡಿದ್ದೆನೋ. ಆದರೂ ಆ ಕಲೆ ನಮ್ಮ ಪೆಟ್ಟಿಗೆಗೆ ಮಾತ್ರ ಇದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ನಮ್ಮಮ್ಮನ ಕೈ ಅಡುಗೆಯಂಥದು ಲೋಕದಲ್ಲಿ ಇಲ್ಲ ಎಂದು ಎಲ್ಲರೂ ನಂಬುತ್ತಾರಲ್ಲ, ಹಾಗೆ. ವಿಜ್ಞಾನದ ಮೇಡಂ ಆಗಿದ್ದವಳು ನಾನು.

ಸುಜಾತಳಿಗೆ ಪಾಪ ಅನ್ನಿಸಿರಬೇಕು. "ನಿಮ್ಮದಲ್ದಿದ್ರೂ ಪರ್ವಾಗಿಲ್ಲ, ಕೇಳ್ಕೊಂಡಾದ್ರೂ ಹೋಗಿ. ಮಾಮ, ಒಂದು ಹಾಡು" ಎಂದಳು. ಚೌಡಪ್ಪನವರಿಗೆ ಇನ್ನೊಮ್ಮೆ ಹೇಳಬೇಕಾಗಲಿಲ್ಲ. ಪೆಟ್ಟಿಗೆ ಉಳಿಯಿತೆಂಬ ಸಮಾಧಾನವೂ ಸೇರಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಕೂತರು. ಮನೆಮಾತು ತೆಲುಗು, ವ್ಯವಹಾರದ ಮಾತು ಎರಡೂ ಕಲೆಸಿದ್ದು. ಹಾಡಿಗೆ ಬಾಯಿ ತೆರೆದರೆ ಮಾತ್ರ ನಾಟಕದ ಅಚ್ಚ ಕನ್ನಡ. ಜೂಜಿನಲ್ಲಿ ಸೋತು ಕಾಡಿಗೆ ಬಂದ ಧರ್ಮರಾಯ ಭೀಮನ ಮುಂದೆ ಅಳುವ ಹಾಡು ಅದು. 'ಯಾರಿಗೆ ಹೇಳಲಿ ತಮ್ಮಾ' ಎಂದು ಎತ್ತಿ, ಆ 'ತಮ್ಮಾ' ಎಂಬಲ್ಲಿ ನಿಲ್ಲಿಸಿ, ಕೆಮ್ಮಿದರು.

ಎರಡು ಚಿಕ್ಕ ಕೆಮ್ಮು, ಒಂದು ಉದ್ದನೆಯದು, ಕೊನೆಗೆ ಸಣ್ಣ 'ಹ್ಞೂಂ'. ಆಮೇಲೆ 'ಈ ವನವಾಸದ ಕಥೆಯಾ' ಎಂದು ಮುಂದುವರಿಸಿದರು. ಎರಡನೆಯ ಸಲ 'ತಮ್ಮಾ' ಬಂದಾಗಲೂ ಅದೇ ಕೆಮ್ಮು, ಅದೇ 'ಹ್ಞೂಂ', ತಾಳ ಒಂದಿಷ್ಟೂ ತಪ್ಪದೆ. ಬೀದಿಯ ತಿರುವಿನಲ್ಲಿ ಅಪ್ಪ ಬಂದಿದ್ದರು.

ಹಾಡು ಮುಗಿದ ಮೇಲೆ, "ನಿಮಗೆ ಕೆಮ್ಮಿದೆಯಾ?" ಎಂದು ಕೇಳಿದೆ.

"ನಂಗ್ಯಾವ ಕೆಮ್ಮಮ್ಮ? ಅದು ಹಾಡಲ್ಲೇ ಐತೆ. ಆ ಜಾಗದಲ್ಲಿ ಕೆಮ್ಲೇಬೇಕು. ಧರ್ಮರಾಯ ಕಾಡಲ್ಲಿದ್ದೋನಲ್ವಾ, ಶೀತ ಆಗಿರುತ್ತೆ. ನಂಗೆ ಹೇಳ್ಕೊಟ್ಟೋನು ಮುಳಬಾಗ್ಲು ಕಡೆಯೋನು, ಅವ್ನಿಗೆ ಅವನ ಮೇಷ್ಟ್ರು ಹಂಗೇ ಹೇಳ್ಕೊಟ್ಟಿದ್ರಂತೆ."

ಓದು ಬಾರದವರು ಬಾಯಿಂದ ಬಾಯಿಗೆ ಕಲಿಯುವಾಗ ಮೇಷ್ಟ್ರು ಹೇಳಿದ್ದರಲ್ಲಿ ಯಾವುದು ಹಾಡು, ಯಾವುದು ಕಾಯಿಲೆ ಎಂದು ಆರಿಸುತ್ತಾ ಕೂರುವುದಿಲ್ಲ. ಕೊಟ್ಟದ್ದನ್ನೆಲ್ಲ ಭಕ್ತಿಯಿಂದ ತೆಗೆದುಕೊಳ್ಳುತ್ತಾರೆ. ಮುಳಬಾಗಿಲಿನ ಆ ಊರಿನಲ್ಲಿ ಅಪ್ಪ ಬಿಟ್ಟುಬಂದದ್ದು ಪೆಟ್ಟಿಗೆಯೊಂದನ್ನೇ ಅಲ್ಲ. ನಾನು ಮರದ ಪೆಟ್ಟಿಗೆಯನ್ನು ಹುಡುಕುತ್ತಿದ್ದಷ್ಟು ಕಾಲವೂ ಅವರ ಉಸಿರು ಗಂಟಲಿಂದ ಗಂಟಲಿಗೆ ದಾಟಿಕೊಂಡು ಗೌನಿಪಲ್ಲಿಯವರೆಗೆ ಬಂದಿತ್ತು. ಆ ಮೇಷ್ಟ್ರು ನಮ್ಮಪ್ಪ ಎಂದು ಹೇಳಿದೆ. ಚೌಡಪ್ಪ ಎದ್ದು, ನನಗಲ್ಲ, ಪೆಟ್ಟಿಗೆಗೆ ಕೈಮುಗಿದು ಮತ್ತೆ ಕೂತರು.

ಇನ್ನೊಮ್ಮೆ ಹಾಡಿ, ಫೋನಿನಲ್ಲಿ ಹಿಡಿದುಕೊಳ್ಳುತ್ತೇನೆ ಎಂದು ಕೇಳಿಕೊಂಡೆ. ರೆಕಾರ್ಡಿಂಗ್ ಎಂದ ಕೂಡಲೇ ಮನುಷ್ಯ ಗಂಭೀರರಾದರು. ಬಿಸಿನೀರು ತರಿಸಿ ಕುಡಿದರು, ಗಂಟಲು ಸರಿಮಾಡಿಕೊಂಡರು, ಹಾಡಿದರು. ಅದ್ಭುತವಾಗಿ ಹಾಡಿದರು. ಕೆಮ್ಮಲಿಲ್ಲ.

"ಕೆಮ್ಮು?" ಎಂದೆ.

"ಮಿಷನ್‌ಗೆ ಕೆಮ್ಮು ಯಾಕಮ್ಮ, ಮರ್ಯಾದೆಯಾಗಿ ಇರಲಿ ಅಂತ ಬಿಟ್ಟೆ."

"ಧರ್ಮರಾಯ ಕಾಡಲ್ಲಿದ್ದವನಲ್ವಾ" ಎಂದೆ. ಅವರು ನನ್ನನ್ನೊಮ್ಮೆ ನೋಡಿ ಮತ್ತೆ ಮೊದಲಿನಿಂದ ಎತ್ತಿದರು. ಈ ಸಲ ಏನನ್ನೂ ಬಿಡಲಿಲ್ಲ.

ಹೊರಡುವಾಗ ಸುಜಾತ ಒಂದು ಚೀಲ ಅವರೆಕಾಯಿ ಕೊಟ್ಟಳು. ಕ್ರೇಟುಗಳನ್ನು ಬೇರೆ ಕಡೆ ಜೋಡಿಸುವುದೆಂದು ತೀರ್ಮಾನವಾಗಿತ್ತು. ಮನೆಗೆ ಬಂದಾಗ ಅಮ್ಮ ಮೊರ ಮುಂದಿಟ್ಟುಕೊಂಡು ಸುಲಿಯಲು ಕೂತಳು. "ಸಿಕ್ಕಿದಳಾ ನನ್ನ ಸವತಿ?" ಎಂದಳು. ಇಲ್ಲವೆಂದೆ. "ಒಳ್ಳೇದಾಯ್ತು ಬಿಡು" ಎಂದಳು. ನಾನು ಫೋನನ್ನು ಮೊರದ ಪಕ್ಕದಲ್ಲಿಟ್ಟು ಹಾಡು ಹಾಕಿದೆ. ಅಮ್ಮ ಸುಲಿಯುತ್ತಲೇ ಕೇಳಿ, "ಯಾರೇ ಇವನು? ಗಂಟಲು ಒರಟು, ಶ್ರುತಿ ಪರವಾಗಿಲ್ಲ" ಎಂದು ತೀರ್ಪು ಕೊಟ್ಟಳು. ಮೇಷ್ಟ್ರ ಹೆಂಡತಿಯಲ್ಲವೇ.

ಅಷ್ಟರಲ್ಲಿ 'ತಮ್ಮಾ' ಬಂತು. ಕೆಮ್ಮು ಬಂತು. ಅಮ್ಮ ತಲೆಯೆತ್ತಿ ಬಾಗಿಲ ಕಡೆ ನೋಡಿದಳು.

ಹಾಡು ಮುಗಿಯುವ ತನಕ ಕಾಯಿ ಅವಳ ಕೈಯಲ್ಲೇ ಇತ್ತು. ಆಮೇಲೆ, "ಇನ್ನೊಂದ್ಸಲ ಹಾಕು" ಎಂದಳು. ನಾನು ಮೊದಲಿನಿಂದ ಹಾಕಲು ಹೋದರೆ ಕೈ ತಡೆದಳು. "ಹಾಡು ಬೇಡ ಕಣೇ. ಅದನ್ನ ಹಾಕು."

ಅದನ್ನೇ ಹಾಕಿದೆ. ಎರಡು ಚಿಕ್ಕದು, ಒಂದು ಉದ್ದನೆಯದು, 'ಹ್ಞೂಂ'. ಮತ್ತೆ ಹಾಕೆಂದಳು, ಮತ್ತೆ ಹಾಕಿದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡು, ಫೋನಿನ ಕಡೆ ತಿರುಗಿ ಗದರಿದಳು.

"ಕಷಾಯ ಕುಡೀರಿ, ಕಷಾಯ ಕುಡೀರಿ ಅಂತ ಬಡ್ಕೊಂಡೆ. ಒಂದು ದಿನವಾದ್ರೂ ಕೇಳಿದ್ರಾ ನೀವು?"